ಹೆಸರಿರುವ ಕಾಲೇಜೋ, ಕೈಗೆಟುಕುವ ಕಾಲೇಜೋ? ವಿಜ್ಞಾನ ಓದಲು ಹೊರಟ ಮಗಳ ಬಗ್ಗೆ ಒಬ್ಬ ಅಮ್ಮನ ಪ್ರಶ್ನೆ

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಹತ್ತೊಂಬತ್ತು ವರ್ಷ ಆಯಿತು. ಮಗಳು ಇಲ್ಲೇ ಹುಟ್ಟಿದವಳು, ಈಗ ಹನ್ನೆರಡನೇ ಕ್ಲಾಸು. ಬಯಾಲಜಿ, ಕೆಮಿಸ್ಟ್ರಿ ಅಂದರೆ ಪ್ರಾಣ. ಪಿಎಚ್‌ಡಿ ಮಾಡುತ್ತೇನೆ ಅನ್ನುತ್ತಾಳೆ, ಒಮ್ಮೊಮ್ಮೆ ಡಾಕ್ಟರ್ ಆದರೂ ಆದೇನು ಅನ್ನುತ್ತಾಳೆ. ಎಲ್ಲರಿಗೂ ಹೆಸರು ಗೊತ್ತಿರುವ ಒಂದು ಖಾಸಗಿ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ವರ್ಷಕ್ಕೆ 92,000 ಡಾಲರ್. ನಮ್ಮ ಆದಾಯ ನೋಡಿ ಒಂದು ಡಾಲರ್ ಕೂಡ ಬಿಟ್ಟಿಲ್ಲ. ನಮ್ಮ ರಾಜ್ಯದ ಸ್ಟೇಟ್ ಯೂನಿವರ್ಸಿಟಿ, ಚುರುಕು ಮಕ್ಕಳಿಗೆ ಅಂತ ಇರುವ ಆನರ್ಸ್ ಕಾಲೇಜಿನಲ್ಲಿ ಸೀಟು ಮತ್ತು ಸ್ಕಾಲರ್‌ಶಿಪ್ ಕೊಟ್ಟಿದೆ. ಅಲ್ಲಿ ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 24,000. ಮಕ್ಕಳ ಕಾಲೇಜಿಗೆ ಅಂತ ಇರುವ 529 ಉಳಿತಾಯ ಖಾತೆಯಲ್ಲಿ 1,10,000 ಡಾಲರ್ ಕೂಡಿಟ್ಟಿದ್ದೇವೆ. ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾನೆ. ಮಗಳ ಮುಖ ನೋಡಿದರೆ ಸಾಲ ಮಾಡಿಯಾದರೂ ಕಳಿಸೋಣ ಅನ್ನಿಸುತ್ತದೆ. ಮೇ 1ರೊಳಗೆ ಹೇಳಬೇಕು. ಏನು ಮಾಡಲಿ?

ಉತ್ತರ: ನೇರವಾಗಿಯೇ ಹೇಳಿಬಿಡುತ್ತೇನೆ. ನೀವು ಕೊಟ್ಟಿರುವ ಲೆಕ್ಕದಲ್ಲಿ, ನಿಮ್ಮ ಮಗಳ ಆಸೆ ಇದೇ ಆಗಿದ್ದರೆ, ನಾನಾಗಿದ್ದರೆ ಸ್ಟೇಟ್ ಯೂನಿವರ್ಸಿಟಿಗೇ ಸೇರಿಸುತ್ತಿದ್ದೆ. ಆದರೆ ಈ ಮಾತನ್ನು ಯಾರು ಬೇಕಾದರೂ ಹೇಳಬಹುದು, ಅದರಿಂದ ನಿಮ್ಮ ಮಗಳಿಗೆ ಸಮಾಧಾನ ಆಗುವುದಿಲ್ಲ. ಅವಳು ನಾಲ್ಕು ವರ್ಷ ನಿದ್ದೆಗೆಟ್ಟು ಓದಿದ್ದಾಳೆ, ಸೀಟು ತೆಗೆದುಕೊಂಡಿದ್ದಾಳೆ, ಈಗ ಬೇಡ ಅಂದರೆ ಯಾಕೆ ಬೇಡ ಅನ್ನೋದು ಅವಳಿಗೆ ಪೂರ್ತಿ ಗೊತ್ತಾಗಬೇಕು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಇದನ್ನು ಅವಳ ಜೊತೆ ಕೂತು ಓದಿ.

ನಾನು ಬಯೋಕೆಮಿಸ್ಟ್ರಿ ಕಲಿಸುತ್ತೇನೆ. ಹದಿನಾಲ್ಕು ವರ್ಷದಿಂದ ನಮ್ಮ ಡಿಪಾರ್ಟ್‌ಮೆಂಟಿನ ಪಿಎಚ್‌ಡಿ ಅಡ್ಮಿಷನ್ ಕಮಿಟಿಯಲ್ಲಿದ್ದೇನೆ. ಪ್ರತಿ ಡಿಸೆಂಬರ್ ಕೊನೆಯಿಂದ ಜನವರಿವರೆಗೆ ನನ್ನ ಸಂಜೆಗಳೆಲ್ಲ ಅರ್ಜಿ ಓದುವುದರಲ್ಲೇ ಹೋಗುತ್ತವೆ. ನಿಮ್ಮ ಮಗಳ ಅರ್ಜಿಯೂ ಇನ್ನು ನಾಲ್ಕು ವರ್ಷಕ್ಕೆ ಇಂಥದೇ ಒಂದು ಟೇಬಲ್ಲಿಗೆ ಬರುತ್ತದೆ. ಅಲ್ಲಿ ನಾವು ಏನು ನೋಡುತ್ತೇವೆ ಅನ್ನೋದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ನಡೆಯುವ ಚರ್ಚೆಗಳಲ್ಲಿ ಇದೊಂದು ವಿಷಯ ಬರುವುದೇ ಇಲ್ಲ.

ಒಂದು ವರ್ಷ ಒಂದೇ ರಾತ್ರಿ ಎರಡು ಅರ್ಜಿ ಓದಿದೆ. ಮೊದಲನೆಯವಳು ಬಹಳ ಹೆಸರುವಾಸಿ ಕಾಲೇಜಿನವಳು. ಮಾರ್ಕ್ಸ್ ಚೆನ್ನಾಗಿತ್ತು. ಅವಳ ಬಗ್ಗೆ ಮೂರು ಶಿಫಾರಸು ಪತ್ರ. ಎರಡು ಪತ್ರ ಬರೆದವರು ದೊಡ್ಡ ವಿಜ್ಞಾನಿಗಳು, ಆದರೆ ಅವರಿಗೆ ಈ ಹುಡುಗಿ ಯಾರು ಅಂತ ಸರಿಯಾಗಿ ಗೊತ್ತಿಲ್ಲ ಅನ್ನೋದು ಎರಡನೇ ಸಾಲಿಗೇ ತಿಳಿದುಹೋಯಿತು. ಇನ್ನೂರು ಜನರ ಕ್ಲಾಸಿನಲ್ಲಿ ಎ ತೆಗೆದುಕೊಂಡಳು, ಆಫೀಸಿಗೆ ಬಂದು ಒಳ್ಳೆಯ ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ. ಎರಡನೆಯವಳು ನಾನು ಹೆಸರೇ ಕೇಳಿರದ ಒಂದು ಸ್ಟೇಟ್ ಕ್ಯಾಂಪಸ್ಸಿನವಳು. ಅವಳ ಪ್ರೊಫೆಸರ್ ಎರಡೂವರೆ ಪುಟ ಬರೆದಿದ್ದರು. ಪ್ರೋಟೀನು ಪತ್ತೆ ಮಾಡುವ ವೆಸ್ಟರ್ನ್ ಬ್ಲಾಟ್ ಅನ್ನೋ ಪರೀಕ್ಷೆಯಲ್ಲಿ ಅವಳಿಗೆ ಆರು ವಾರ ಒಂದು ಗೆರೆಯೂ ಕಾಣಲಿಲ್ಲವಂತೆ. ಲ್ಯಾಬಿನಲ್ಲಿ ಎಲ್ಲರೂ ಅವಳ ಕೈ ಸರಿಯಿಲ್ಲ ಅಂದುಕೊಂಡಿದ್ದರು. ಅವಳು ಯಾರೂ ಹೇಳದೆ ಫ್ರೀಜರಿನ ಹಿಂದಿನಿಂದ ಆ ಪರೀಕ್ಷೆಗೆ ಬೇಕಾದ ಆಂಟಿಬಾಡಿಯ ಹಳೇ ಬಾಟಲಿ ಹುಡುಕಿ ತೆಗೆದು, ಹಳೆಯದು ಒಂದು ಕಡೆ, ಹೊಸದು ಒಂದು ಕಡೆ ಹಾಕಿ ಒಂದೇ ದಿನ ಓಡಿಸಿದಳು. ಹಳೆಯದರಲ್ಲಿ ಗೆರೆ ಬಂತು. ಹೊಸ ಬಾಟಲಿಯೇ ಕೆಟ್ಟಿತ್ತು. ನೋಟ್‌ಬುಕ್ಕಿನಲ್ಲಿ ತಾರೀಖು, ಬ್ಯಾಚ್ ನಂಬರ್ ಎಲ್ಲ ಬರೆದಿಟ್ಟಿದ್ದಳು. ಆ ಲ್ಯಾಬಿನಲ್ಲಿ ಇನ್ನಿಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಅದೇ ಬಾಟಲಿ ಬಳಸಿ ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು.

ನಾವು ಎರಡನೆಯವಳನ್ನು ಕರೆದೆವು. ಚರ್ಚೆ ಐದು ನಿಮಿಷವೂ ಆಗಲಿಲ್ಲ.

ಮೊದಲನೆಯವಳು ದಡ್ಡಿ ಅಂತಲ್ಲ. ಪ್ರಾಯಶಃ ಇವಳಿಗಿಂತ ಬುದ್ಧಿವಂತೆಯೇ ಇರಬಹುದು. ಆದರೆ ಆ ದೊಡ್ಡ ಜಾಗದಲ್ಲಿ ಅವಳನ್ನು ಹತ್ತಿರದಿಂದ ಕಂಡವರು ಯಾರೂ ಇರಲಿಲ್ಲ, ಕಂಡಿದ್ದರೂ ಅದು ಕಾಗದದ ಮೇಲೆ ಬರಲಿಲ್ಲ. ಇತ್ತೀಚೆಗೆ ಬಯಾಲಜಿಯ ಬಹಳಷ್ಟು ಪಿಎಚ್‌ಡಿ ಪ್ರೋಗ್ರಾಂಗಳು ಪ್ರವೇಶಕ್ಕೆ ಬೇಕಿದ್ದ ಜಿಆರ್‌ಇ ಪರೀಕ್ಷೆಯನ್ನೇ ಕೈಬಿಟ್ಟಿವೆ. ಹಾಗಾಗಿ ಪತ್ರ ಮತ್ತು ಲ್ಯಾಬಿನ ಕೆಲಸಕ್ಕೆ ಮೊದಲಿಗಿಂತಲೂ ಜಾಸ್ತಿ ತೂಕ. ವಿಜ್ಞಾನದಲ್ಲಿ ಮುಂದಿನ ಮೆಟ್ಟಿಲಿಗೆ ಬೇಕಾಗುವುದು, ನಿಮ್ಮ ಮಗಳ ಪಕ್ಕ ಎರಡು ವರ್ಷ ನಿಂತು ಅವಳ ಕೆಲಸ ನೋಡಿದ ಒಬ್ಬ ಮನುಷ್ಯ. ನಿಮ್ಮ 92,000 ಡಾಲರಿಗೆ ಆ ಮನುಷ್ಯ ಸಿಗುತ್ತಾನಾ, 24,000ಕ್ಕೆ ಸಿಗುತ್ತಾನಾ? ನಾನು ಕೇಳುವುದು ಇದನ್ನೇ.

ಕಾಲೇಜಿನ ಹೆಸರು ಲೆಕ್ಕಕ್ಕೇ ಬರುವುದಿಲ್ಲ ಅಂದರೆ ಅದು ಸುಳ್ಳು. ಬರುತ್ತದೆ. ಎಷ್ಟು, ಎಲ್ಲಿ ಅನ್ನೋದನ್ನು ಅರ್ಥಶಾಸ್ತ್ರಜ್ಞರು ಚೆನ್ನಾಗಿಯೇ ಅಳೆದಿದ್ದಾರೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಒಂದು ಜಾಣ ಹೋಲಿಕೆ ಮಾಡಿದರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಸೀಟು ಪಡೆದವರಲ್ಲಿ ಕೆಲವರು ದೊಡ್ಡ ಹೆಸರಿನ ಕಡೆ ಹೋದರು, ಕೆಲವರು ಕಡಿಮೆ ಹೆಸರಿನ ಕಡೆ ಹೋದರು. ಮುಂದೆ ಇವರ ಸಂಬಳ ನೋಡಿದರೆ ಹೆಚ್ಚುಕಮ್ಮಿ ಒಂದೇ. ಅಂದರೆ ಆ ಮಕ್ಕಳಲ್ಲಿ ಏನಿತ್ತೋ ಅದು ಅವರ ಜೊತೆಗೇ ಹೋಯಿತು. ಬಡ ಕುಟುಂಬದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ನಿಜವಾದ ಲಾಭ ಕಂಡಿತು. ಆಮೇಲಿನ ಅಧ್ಯಯನದಲ್ಲಿ, ಅಪ್ಪ ಅಮ್ಮ ಕಾಲೇಜು ಓದಿರದ ಮಕ್ಕಳಿಗೆ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೂ ಲಾಭ ಇರುವುದು ತಿಳಿಯಿತು.

2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಇನ್ನೂ ದೊಡ್ಡ ಲೆಕ್ಕ ತೆಗೆದರು. ಹಾರ್ವರ್ಡ್, ಯೇಲ್ ಥರದ ಎಂಟು ಐವಿ ಕಾಲೇಜು, ಜೊತೆಗೆ ಎಂಐಟಿ, ಸ್ಟ್ಯಾನ್‌ಫರ್ಡ್, ಡ್ಯೂಕ್, ಶಿಕಾಗೋ. ಇವುಗಳಲ್ಲಿ ಓದಿದವರನ್ನು ಒಳ್ಳೆಯ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಓದಿದ ಅಂಥದೇ ಮಕ್ಕಳ ಜೊತೆ ಹೋಲಿಸಿದರು. ಸರಾಸರಿ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆದರೆ ದೇಶದಲ್ಲಿ ಅತಿ ಹೆಚ್ಚು ಗಳಿಸುವ 1% ಜನರ ಸಾಲಿಗೆ ಸೇರುವ ಅವಕಾಶ ಸುಮಾರು ಅರ್ಧದಷ್ಟು ಜಾಸ್ತಿ ಆಗುತ್ತದೆ. ದೊಡ್ಡ ಹೆಸರಿನ ಕಂಪನಿ, ಸಂಸ್ಥೆಗಳಲ್ಲಿ ಕೆಲಸ ಸಿಗುವ ಅವಕಾಶ ಮೂರು ಪಟ್ಟು. ಪ್ರತಿಷ್ಠಿತ ಗ್ರ್ಯಾಜುಯೇಟ್ ಸ್ಕೂಲಿಗೆ ಹೋಗುವ ಅವಕಾಶ ಹತ್ತಿರ ಹತ್ತಿರ ಎರಡು ಪಟ್ಟು.

ಈ ಕೊನೆಯ ಅಂಕಿ ನೋಡಿ ನಿಮ್ಮ ಮಗಳು ನನ್ನ ಮೇಲೆ ತಿರುಗಿಬೀಳಬಹುದು, ಗೊತ್ತು. ಅವಳು ಕೇಳುವುದರಲ್ಲಿ ನ್ಯಾಯ ಇದೆ. ನನ್ನ ಉತ್ತರ ಇಷ್ಟು: ಅದು ಎಲ್ಲ ವಿಷಯಗಳನ್ನೂ ಸೇರಿಸಿದ ಲೆಕ್ಕ. ವಾಲ್ ಸ್ಟ್ರೀಟ್, ಕನ್ಸಲ್ಟಿಂಗ್, ದೊಡ್ಡ ಲಾ ಕಂಪನಿ ಇಂಥ ಕಡೆ ಹೆಸರಿಗೆ ನಿಜವಾಗಿಯೂ ಬೆಲೆ ಇದೆ, ಅವರು ಬಂದು ಆಳು ಹುಡುಕುವುದೇ ಆ ಕೆಲವು ಕ್ಯಾಂಪಸ್ಸುಗಳಲ್ಲಿ. ನಿಮ್ಮ ಮಗಳು ಫೈನಾನ್ಸ್‌ಗೆ ಹೋಗುತ್ತೇನೆ ಅಂದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಲ್ಯಾಬ್ ವಿಜ್ಞಾನದಲ್ಲಿ ಜನರನ್ನು ಆರಿಸುವ ದಾರಿ ಬೇರೆ, ಅದನ್ನು ಮೇಲೆ ಹೇಳಿದೆ. ಮತ್ತೆ ದೊಡ್ಡ ಕಾಲೇಜುಗಳಿಗೆ ಅನುಕೂಲ ಇಲ್ಲ ಅಂತಲೂ ಅಲ್ಲ. ಲ್ಯಾಬುಗಳು ಜಾಸ್ತಿ, ದುಡ್ಡು ಜಾಸ್ತಿ, ಪಕ್ಕದಲ್ಲಿ ಕೂರುವ ಮಕ್ಕಳೂ ಚುರುಕು. ಆ ಅನುಕೂಲಕ್ಕೆ ಸುಮಾರು ಮೂರು ಲಕ್ಷ ಡಾಲರ್ ಬೆಲೆ ಇದೆಯಾ ಅನ್ನೋದೊಂದೇ ಪ್ರಶ್ನೆ.

ವಿಜ್ಞಾನದಲ್ಲಿ ಹೆಸರು ನಿಜವಾಗಿ ಕೆಲಸಕ್ಕೆ ಬರುವ ಜಾಗ ಒಂದಿದೆ, ಅದು ಪಿಎಚ್‌ಡಿ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ ಇಲ್ಲೇ ಪ್ರೊಫೆಸರ್ ಆದವರಲ್ಲಿ 80% ಜನ ಸುಮಾರು 20% ಯೂನಿವರ್ಸಿಟಿಗಳಿಂದ ಬಂದವರು. ಐದೇ ಯೂನಿವರ್ಸಿಟಿಗಳು ಎಂಟರಲ್ಲಿ ಒಬ್ಬರನ್ನು ತಯಾರು ಮಾಡಿವೆ. ಆ ಐದು ಯಾವುವು ನೋಡಿ: ಬರ್ಕ್ಲಿ, ಹಾರ್ವರ್ಡ್, ಮಿಶಿಗನ್, ವಿಸ್ಕಾನ್ಸಿನ್-ಮ್ಯಾಡಿಸನ್, ಸ್ಟ್ಯಾನ್‌ಫರ್ಡ್. ಐದರಲ್ಲಿ ಮೂರು ಸ್ಟೇಟ್ ಯೂನಿವರ್ಸಿಟಿಗಳು! ಇದು ಬಿಎಸ್ (ಕಾಲೇಜಿನ ಮೊದಲ ಪದವಿ) ಎಲ್ಲಿ ಮಾಡಿದರು ಅನ್ನೋ ಲೆಕ್ಕ ಅಲ್ಲ, ಪಿಎಚ್‌ಡಿ ಎಲ್ಲಿ ಮಾಡಿದರು ಅನ್ನೋ ಲೆಕ್ಕ. ಇನ್ನೊಂದು ಮುಖ್ಯ ಮಾತು, ವಿಜ್ಞಾನದ ಪಿಎಚ್‌ಡಿಗೆ ಇಲ್ಲಿ ಸಾಮಾನ್ಯವಾಗಿ ಫೀಸು ಕಟ್ಟುವುದೇ ಇಲ್ಲ. ಟ್ಯೂಷನ್, ಅಂದರೆ ಪಾಠದ ಫೀಸು, ಮನ್ನಾ, ಮೇಲೆ ಖರ್ಚಿಗೆ ಸ್ಟೈಪೆಂಡ್. ಅಂದರೆ ದೊಡ್ಡ ಹೆಸರು ನಿಮ್ಮ ಮಗಳಿಗೆ ಬೇಕೇಬೇಕು ಅನ್ನಿಸಿದರೆ, ಪಿಎಚ್‌ಡಿ ಹೊತ್ತಿಗೆ ಅದು ಪುಕ್ಕಟೆ ಸಿಗುತ್ತದೆ, ಆಗಲೇ ಅದಕ್ಕೆ ಮಹತ್ವವೂ ಜಾಸ್ತಿ. ನಾಲ್ಕು ವರ್ಷ ಮುಂಚೆ ಅದನ್ನೇ ಸಾಲ ಮಾಡಿ ಕೊಳ್ಳುವುದು ಯಾಕೆ?

ನಮ್ಮವರ ಉದಾಹರಣೆಯೇ ಇದೆಯಲ್ಲ. ಸಿ.ಎನ್.ಆರ್. ರಾವ್ 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿಎಸ್‌ಸಿ. ಆಮೇಲೆ ಬನಾರಸ್, ಆಮೇಲೆ 1958ರಲ್ಲಿ ಪರ್ಡ್ಯೂ ಪಿಎಚ್‌ಡಿ. ವೆಂಕಟರಾಮನ್ ರಾಮಕೃಷ್ಣನ್ ಬರೋಡಾದಲ್ಲಿ ಬಿಎಸ್‌ಸಿ ಮಾಡಿ, ಓಹಾಯೋ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡಿದರು. ಓಹಾಯೋ ಸ್ಟೇಟ್ ಅಂತ ತಪ್ಪು ತಿಳಿಯಬೇಡಿ, ಇದು ಆಥೆನ್ಸ್ ಅನ್ನೋ ಸಣ್ಣ ಊರಿನಲ್ಲಿರುವುದು. ಆಮೇಲೆ ಬಯಾಲಜಿ ಕಲಿಯಬೇಕು ಅಂತ ಮತ್ತೆ ವಿದ್ಯಾರ್ಥಿಯಾಗಿ ಸ್ಯಾನ್ ಡಿಯೇಗೋಗೆ ಹೋದರು. 2009ರಲ್ಲಿ ನೊಬೆಲ್ ಬಂತು. 2005ರ ಕೆಮಿಸ್ಟ್ರಿ ನೊಬೆಲ್ ಹಂಚಿಕೊಂಡ ರಾಬರ್ಟ್ ಗ್ರಬ್ಸ್ ಫ್ಲಾರಿಡಾ ಯೂನಿವರ್ಸಿಟಿಯಲ್ಲಿ ಓದಿದವರು. 2003ರ ಪೀಟರ್ ಆಗ್ರೆ ಮಿನಿಯಾಪೊಲಿಸ್‌ನ ಆಗ್ಸ್‌ಬರ್ಗ್ ಅನ್ನೋ ಸಣ್ಣ ಕಾಲೇಜಿನವರು.

ಇಂಥ ಹೆಸರುಗಳನ್ನು ಯಾವ ಕಾಲೇಜಿಗೆ ಬೇಕಾದರೂ ಹುಡುಕಿ ತೋರಿಸಬಹುದು, ಒಪ್ಪುತ್ತೇನೆ. ಅದಕ್ಕೇ ನನಗೆ ಒಬ್ಬೊಬ್ಬರ ಕತೆಗಿಂತ ಮೇರಿಲ್ಯಾಂಡ್‌ನ ಯುಎಂಬಿಸಿಯ ಮೇಯರ್‌ಹಾಫ್ ಪ್ರೋಗ್ರಾಂ ಜಾಸ್ತಿ ಇಷ್ಟ. 1988ರಲ್ಲಿ ಶುರುವಾಯಿತು. ಬಾಲ್ಟಿಮೋರ್ ಪಕ್ಕದ ಸ್ಟೇಟ್ ಕ್ಯಾಂಪಸ್ಸು, ಆಗ ಅದರ ಹೆಸರು ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಟ್ಟು, ಕಾಲೇಜು ಶುರುವಾಗುವ ಮುಂಚಿನ ಬೇಸಿಗೆಯಲ್ಲೇ ಕರೆಸಿಕೊಂಡು, ಗುಂಪಾಗಿ ಓದುವುದು ಕಲಿಸಿ, ಬೇಗನೇ ಲ್ಯಾಬಿಗೆ ಹಚ್ಚಿದರು. ಅಲ್ಲಿಂದ ನೂರಾರು ಪಿಎಚ್‌ಡಿಗಳು ಹೊರಬಂದಿದ್ದಾರೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯ ಕೆಲಸದಲ್ಲಿ ಮುಂದೆ ನಿಂತ ಕಿಜ್ಮೇಕಿಯಾ ಕಾರ್ಬೆಟ್ ಅಲ್ಲಿ ಓದಿದವರು. ಹೆಸರಿಲ್ಲದ ಜಾಗದಲ್ಲಿ ಮಕ್ಕಳ ಮೇಲೆ ಗಮನ ಇಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನಿಮ್ಮ ದುಡ್ಡಿನ ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ತೆಗೆದುಕೊಳ್ಳಿ.

92,000 ನಾಲ್ಕು ವರ್ಷಕ್ಕೆ 3,68,000 ಅಂದುಕೊಂಡಿರುತ್ತೀರಿ. ಫೀಸು ಪ್ರತಿ ವರ್ಷ ಏರುತ್ತದೆ. ವರ್ಷಕ್ಕೆ 4% ಏರಿದರೆ ಒಟ್ಟು 3,90,000. ಸ್ಟೇಟ್ ಯೂನಿವರ್ಸಿಟಿ ಅದೇ ಲೆಕ್ಕದಲ್ಲಿ 1,02,000. ನಿಮ್ಮ 529 ಖಾತೆಯಿಂದಲೇ ಅದು ಮುಗಿದು ಸ್ವಲ್ಪ ಉಳಿಯುತ್ತದೆ. ಖಾಸಗಿಯಾದರೆ ಇನ್ನೂ 2,80,000 ಹೊಂದಿಸಬೇಕು. ಸಂಬಳದಿಂದ ತಿಂಗಳಿಗೆ 3,000 ಹಾಕುತ್ತೀರಿ ಅನ್ನಿ, ನಾಲ್ಕು ವರ್ಷಕ್ಕೆ 1,44,000. ಉಳಿದ 1,36,000 ಸಾಲ. ಮಗಳ ಹೆಸರಿನಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ನಾಲ್ಕು ವರ್ಷಕ್ಕೆ 27,000 ಸಿಗುತ್ತದೆ, ಅಷ್ಟೇ. ಉಳಿದ 1,09,000 ನಿಮ್ಮ ತಲೆ ಮೇಲೆ. ಮೊದಲಾಗಿದ್ದರೆ ಅಪ್ಪ ಅಮ್ಮನಿಗೆ ಸರ್ಕಾರ ಕೊಡುವ ಪೇರೆಂಟ್ ಪ್ಲಸ್ ಸಾಲದಲ್ಲಿ ಕಾಲೇಜಿನ ಪೂರ್ತಿ ಖರ್ಚಿನ ತನಕ ಎತ್ತಬಹುದಿತ್ತು. 2025ರಲ್ಲಿ ಕಾನೂನು ಬದಲಾಯಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆದುಕೊಳ್ಳುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಮಾತ್ರ. ಇನ್ನೂ 44,000 ಖಾಸಗಿ ಬ್ಯಾಂಕಿನಲ್ಲಿ ತರಬೇಕು. ಪ್ಲಸ್ ಸಾಲದ ಬಡ್ಡಿ ಈಗ ಹತ್ತಿರ ಹತ್ತಿರ 9%, ದುಡ್ಡು ಕೊಡುವಾಗಲೇ 4%ಗಿಂತ ಜಾಸ್ತಿ ಫೀ ಬೇರೆ ಹಿಡಿದುಕೊಳ್ಳುತ್ತಾರೆ. 9%ರಲ್ಲಿ 1,09,000ವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 1,400 ಡಾಲರ್. ಅವಳು ಓದುವಾಗ ಬೆಳೆಯುವ ಬಡ್ಡಿಯನ್ನು ನಾನು ಸೇರಿಸಿಲ್ಲ.

ಇನ್ನು ಮಗ. ಅವನು ಒಂಬತ್ತನೇ ಕ್ಲಾಸು ಅಂದಿರಿ. ಮಗಳ ಕಾಲೇಜಿನ ಕೊನೆಯ ವರ್ಷ ಅವನ ಕಾಲೇಜಿನ ಮೊದಲ ವರ್ಷ. ಸಾಲದ ಕಂತು ಮತ್ತು ಅವನ ಫೀಸು ಒಟ್ಟಿಗೆ ಬರುತ್ತವೆ. ಮುಂಚೆ ಫಾಫ್ಸಾ ಅನ್ನೋ ಸರ್ಕಾರಿ ಧನಸಹಾಯದ ಅರ್ಜಿಯಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ರಿಯಾಯಿತಿ ಇತ್ತು, 2024-25ರಿಂದ ಅದನ್ನು ತೆಗೆದುಹಾಕಿದ್ದಾರೆ. ಅಕ್ಕನಿಗೆ ಇದ್ದ ಆಯ್ಕೆ ತಮ್ಮನಿಗೆ ಇಲ್ಲದ ಹಾಗೆ ಆಗಬಾರದು ಅಲ್ವಾ?

ಸಾಲದ ಬಗ್ಗೆ ನನಗೆ ಹೊಟ್ಟೆ ಉರಿಯುವ ಒಂದು ಕಾರಣ ಇದೆ. ನನ್ನ ಲ್ಯಾಬಿನಲ್ಲಿ ಬೇಸಿಗೆಗೆ ಬಂದು ಕೆಲಸ ಮಾಡಿದ ಒಬ್ಬ ಹುಡುಗ, ಕೈ ಚಿನ್ನದಂಥದ್ದು. ಮೂರು ಕಡೆ ಪಿಎಚ್‌ಡಿ ಸೀಟು ಸಿಕ್ಕಿತು. ಹೋಗಲಿಲ್ಲ. ಕಾಲೇಜಿಗೆ ಅಂತ ಮನೆಯವರು ಮಾಡಿದ ಸಾಲ ಇತ್ತು, ಅಪ್ಪನಿಗೆ ವಯಸ್ಸಾಗಿತ್ತು, ಕಂತು ನಾನೇ ಕಟ್ಟಬೇಕು ಅಂತ ಒಂದು ಕಂಪನಿಯ ಸೇಲ್ಸ್ ಕೆಲಸಕ್ಕೆ ಸೇರಿದ. ಫೋನ್ ಮಾಡಿ ಹೇಳುವಾಗ ಅವನ ಗಂಟಲು ಕಟ್ಟಿತ್ತು. ನಾನು ಏನು ಹೇಳಲಿ? ವಿಜ್ಞಾನಕ್ಕೆ ಅಂತ ಮಾಡಿದ ಸಾಲ ಅವನನ್ನು ವಿಜ್ಞಾನದಿಂದಲೇ ಆಚೆ ಕಳಿಸಿತು. ಪಿಎಚ್‌ಡಿ ಸ್ಟೈಪೆಂಡ್ ಎಷ್ಟು ಅಂತ ತಿಳಿದರೆ ನಿಮಗೂ ಅರ್ಥ ಆಗುತ್ತದೆ. ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ನ ಗ್ರ್ಯಾಜುಯೇಟ್ ರಿಸರ್ಚ್ ಫೆಲೋಶಿಪ್, ಈ ದೇಶದಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಸಿಗುವ ದೊಡ್ಡ ಗೌರವಗಳಲ್ಲಿ ಒಂದು, ವರ್ಷಕ್ಕೆ 37,000 ಡಾಲರ್ ಕೊಡುತ್ತದೆ. ಅದರಲ್ಲಿ ಬಾಡಿಗೆ ಕಟ್ಟಿ ಊಟ ಮಾಡಿ ತಿಂಗಳಿಗೆ 1,400 ಎಲ್ಲಿಂದ ತರುವುದು? ಐದಾರು ವರ್ಷ?

ಡಾಕ್ಟರ್ ಆಗುತ್ತಾಳೆ ಅಂದರಂತೂ ದುಡ್ಡು ಉಳಿಸುವ ಕಾರಣ ಇನ್ನೂ ಗಟ್ಟಿ. ಮೆಡಿಕಲ್ ಸ್ಕೂಲಿಗೆ ಪಿಎಚ್‌ಡಿ ಹಾಗೆ ಪುಕ್ಕಟೆ ವ್ಯವಸ್ಥೆ ಇಲ್ಲ. ಎನ್‌ವೈಯು 2018ರಿಂದ ಟ್ಯೂಷನ್ ತೆಗೆದಿದೆ, ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜಿಗೆ 2024ರಲ್ಲಿ 100 ಕೋಟಿ ಡಾಲರ್ ದಾನ ಬಂದು ಅಲ್ಲೂ ಟ್ಯೂಷನ್ ಹೋಯಿತು, ಆದರೆ ಅವು ಅಪರೂಪ. ಹೊಸ ಕಾನೂನಿನಲ್ಲಿ ಮೆಡಿಕಲ್ ವಿದ್ಯಾರ್ಥಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2,00,000ಕ್ಕೆ ನಿಲ್ಲುತ್ತದೆ. ಎಷ್ಟೋ ಮೆಡಿಕಲ್ ಸ್ಕೂಲುಗಳ ಖರ್ಚು ಅದಕ್ಕಿಂತ ಬಹಳ ಮೇಲಿದೆ. ಈಗ ಉಳಿಸಿದ ದುಡ್ಡು ಆಗ ಬೇಕಾಗುತ್ತದೆ. ಮತ್ತೆ ಮೆಡಿಕಲ್ ಅಡ್ಮಿಷನ್‌ನಲ್ಲಿ ಜಿಪಿಎ (ಕಾಲೇಜಿನ ಸರಾಸರಿ ಗ್ರೇಡ್) ಮತ್ತು ಎಂಕ್ಯಾಟ್ ಪ್ರವೇಶ ಪರೀಕ್ಷೆಗೆ ತೂಕ ಜಾಸ್ತಿ. ಕಷ್ಟದ ಕಾಲೇಜಿನಲ್ಲಿ ಬಿ ತೆಗೆದುಕೊಂಡೆ ಅಂದರೆ ಅದಕ್ಕೆ ಸಿಗುವ ಕರುಣೆ ಕಡಿಮೆ.

ಹಾಗಾದರೆ ದುಬಾರಿ ಕಾಲೇಜಿಗೆ ಯಾವಾಗ ಹೋಗಬೇಕು? ದುಬಾರಿ ಅಲ್ಲದಿರುವಾಗ. ಇದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಐವಿ ಕಾಲೇಜುಗಳು ಮಾರ್ಕ್ಸ್ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಕೊಡುತ್ತವೆ, ಕೊಟ್ಟರೆ ಕೈ ತುಂಬ ಕೊಡುತ್ತವೆ. 2025ರ ಶರತ್ಕಾಲದಿಂದ ಹಾರ್ವರ್ಡ್ ಮತ್ತು ಎಂಐಟಿ ಎರಡರಲ್ಲೂ ಆದಾಯ 2,00,000 ಡಾಲರ್ ಒಳಗಿರುವ ಸಾಮಾನ್ಯ ಕುಟುಂಬಗಳಿಗೆ ಟ್ಯೂಷನ್ ಇಲ್ಲ. ಎಷ್ಟೋ ಮನೆಗೆ ಇಂಥ ಕಡೆ ಹೋಗುವುದು ಸ್ಟೇಟ್ ಯೂನಿವರ್ಸಿಟಿಗಿಂತ ಅಗ್ಗ. ಹಾಗೆ ಸಿಕ್ಕರೆ ಯೋಚನೆಯನ್ನೇ ಮಾಡಬೇಡಿ, ಹೋಗಿ. ವ್ಯತ್ಯಾಸ ವರ್ಷಕ್ಕೆ ಹತ್ತು ಹದಿನೈದು ಸಾವಿರ ಇದ್ದು, ಸಾಲ ಇಲ್ಲದೆ ಆಗುತ್ತದೆ ಅಂದರೂ ಹೋಗಬಹುದು. ಅದರಲ್ಲೂ ಕ್ಯಾಲ್‌ಟೆಕ್, ಹಾರ್ವಿ ಮಡ್, ಸ್ವಾರ್ತ್‌ಮೋರ್, ರೀಡ್ ಥರದ ಚಿಕ್ಕ ಜಾಗಗಳು. ಓದಿದವರಲ್ಲಿ ಎಷ್ಟು ಪಾಲು ಮುಂದೆ ಪಿಎಚ್‌ಡಿ ಮಾಡುತ್ತಾರೆ ಅಂತ ನೋಡಿದರೆ ಇವು ಬಹಳ ಮುಂದಿವೆ, ಯಾಕೆಂದರೆ ಪ್ರೊಫೆಸರಿಗೆ ಪ್ರತಿ ಮಗುವಿನ ಹೆಸರೂ ಗೊತ್ತಿರುತ್ತದೆ. ನಿಮಗೆ ಒಂದು ಡಾಲರ್ ಕೊಟ್ಟಿಲ್ಲ ಅಂದಿರಿ. ಆದರೂ ಒಂದು ಸಲ ಮರುಪರಿಶೀಲನೆಗೆ ಬರೆಯಿರಿ. ಈ ವರ್ಷ ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಊರಿನಲ್ಲಿರುವ ವಯಸ್ಸಾದ ಅಪ್ಪ ಅಮ್ಮನಿಗೆ ಪ್ರತಿ ತಿಂಗಳು ಕಳಿಸುತ್ತಿದ್ದರೆ ದಾಖಲೆ ಸಮೇತ ತಿಳಿಸಿ. ನಮ್ಮವರು ಹೀಗೆ ಊರಿಗೆ ಕಳಿಸುವ ದುಡ್ಡನ್ನು ಹೇಳಿಕೊಳ್ಳುವುದೇ ಇಲ್ಲ, ನಾಚಿಕೆ ಪಡುತ್ತಾರೆ. ಹೇಳಿ. ಬರಿಗೈಯಲ್ಲಿ ವಾಪಸ್ ಬಂದರೂ ನಷ್ಟ ಇಲ್ಲ.

ಇಲ್ಲಿ ಇದನ್ನು ಓದುವ ಬೇರೆ ಮನೆಯವರಿಗೂ ಒಂದು ಮಾತು. ನಿಮ್ಮ ಮಗಳು ಇಲ್ಲಿ ಹುಟ್ಟಿದವಳು, ಅವಳಿಗೆ ತೊಂದರೆ ಇಲ್ಲ. ಗ್ರೀನ್ ಕಾರ್ಡ್‌ಗೆ ಕಾಯುತ್ತಾ ಎಚ್-4 ಅವಲಂಬಿತ ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ಸಾಲವೂ ಇಲ್ಲ, ನಾನು ಹೇಳುವ ಫೆಲೋಶಿಪ್‌ಗಳಲ್ಲಿ ಬಹಳಷ್ಟು ಸಿಗುವುದಿಲ್ಲ, 21 ತುಂಬಿದರೆ ವೀಸಾವನ್ನೂ ಬದಲಿಸಬೇಕು. ಅಂಥ ಮನೆಯವರು ಸಾಲ ಮಾಡುವ ಮುಂಚೆ ಇನ್ನೂ ಹತ್ತು ಸಲ ಯೋಚಿಸಬೇಕು.

ಸ್ಟೇಟ್ ಯೂನಿವರ್ಸಿಟಿ ಸ್ವರ್ಗ ಅಲ್ಲ. ಮೊದಲ ವರ್ಷ ಕೆಮಿಸ್ಟ್ರಿ ಕ್ಲಾಸಿನಲ್ಲಿ ಮುನ್ನೂರು ಜನ ಇರುತ್ತಾರೆ. ಅಡ್ವೈಸರ್‌ಗೆ ನಿಮ್ಮ ಮಗಳ ಮುಖ ನೆನಪಿರುವುದಿಲ್ಲ. ಯಾರೂ ಬಂದು ಕೈ ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋಗುವುದಿಲ್ಲ, ಅವಳೇ ಹೋಗಿ ಬಾಗಿಲು ತಟ್ಟಬೇಕು. ತಟ್ಟದೆ ನಾಲ್ಕು ವರ್ಷ ಕಳೆದ ಬುದ್ಧಿವಂತ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ, ಅವರಿಗೆ ಪತ್ರ ಬರೆಯಲು ಕೂತರೆ ನನಗೂ ಏನೂ ತೋಚುವುದಿಲ್ಲ. ಹಾಗಾಗಿ ಸ್ಟೇಟ್ ಆರಿಸಿದರೆ ಮೊದಲ ಸೆಮಿಸ್ಟರಿನಿಂದಲೇ ಕೆಲಸ ಶುರು.

ನಮಗೆ ದಿನಾ ಲ್ಯಾಬಿನಲ್ಲಿ ಜಾಗ ಕೇಳಿ ಇಮೇಲ್ ಬರುತ್ತವೆ. ಬಹಳಷ್ಟು ಒಂದೇ ಥರ: ನಿಮ್ಮ ಸಂಶೋಧನೆ ಬಹಳ ಇಷ್ಟ, ರೆಸ್ಯೂಮೆ ಲಗತ್ತಿಸಿದ್ದೇನೆ. ನಾವು ತೆರೆಯುವುದೂ ಇಲ್ಲ. ನಿಮ್ಮ ಮಗಳು ಆರೇಳು ಸಾಲು ಬರೆಯಲಿ. ಆ ಪ್ರೊಫೆಸರರ ಒಂದೇ ಒಂದು ಪೇಪರ್ ಓದಿ, ಅದರಲ್ಲಿ ಒಂದು ಚಿತ್ರದ ಬಗ್ಗೆ ಅರ್ಥವಾಗದ್ದನ್ನು ಕೇಳಲಿ. ವಾರಕ್ಕೆ ಎಷ್ಟು ಗಂಟೆ, ಯಾವ ದಿನ ಬರಬಲ್ಲೆ ಅಂತ ಹೇಳಲಿ. ಪಾತ್ರೆ ತೊಳೆಯುವುದರಿಂದ, ಬಫರ್ ಮಾಡುವುದರಿಂದ ಶುರು ಮಾಡಲು ಸಿದ್ಧ ಅನ್ನಲಿ. ಎಂಟು ಜನಕ್ಕೆ ಕಳಿಸಿದರೆ ಒಬ್ಬರಾದರೂ ಕರೆಯುತ್ತಾರೆ. ಒಂದು ಲ್ಯಾಬಿಗೆ ಸೇರಿದ ಮೇಲೆ ಬೇಗ ಬಿಡಬಾರದು, ಎರಡು ವರ್ಷವಾದರೂ ಅಲ್ಲೇ ಇರಲಿ. ಎನ್‌ಎಸ್‌ಎಫ್ ದುಡ್ಡಿನಲ್ಲಿ ನಡೆಯುವ ಆರ್‌ಇಯು ಅನ್ನೋ ಬೇಸಿಗೆ ಪ್ರೋಗ್ರಾಂಗಳಿವೆ, ಸುಮಾರು ಹತ್ತು ವಾರ ಬೇರೆ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡ್ ಅವರೇ ಕೊಡುತ್ತಾರೆ. ಈಗ ಬಿಟ್ಟುಕೊಟ್ಟ ಅಂಥ ದೊಡ್ಡ ಹೆಸರಿನ ಜಾಗಕ್ಕೇ ಒಂದು ಬೇಸಿಗೆ ಹೀಗೆ ಹೋಗಿ ಬರಬಹುದು. ಎರಡನೇ ಅಥವಾ ಮೂರನೇ ವರ್ಷ ಗೋಲ್ಡ್‌ವಾಟರ್ ಸ್ಕಾಲರ್‌ಶಿಪ್‌ಗೆ ಕ್ಯಾಂಪಸ್ಸಿನಿಂದ ಹೆಸರು ಕಳಿಸುತ್ತಾರೆ. ಮೊತ್ತ 7,500 ಡಾಲರ್ ತನಕ ಮಾತ್ರ, ಆದರೆ ನಮ್ಮ ಕಮಿಟಿಯಲ್ಲಿ ಆ ಪದ ಕಂಡರೆ ಎಲ್ಲರೂ ಒಂದು ಸಲ ತಲೆ ಎತ್ತುತ್ತೇವೆ. ಮೂರನೇ ವರ್ಷಕ್ಕೆ ಬೇಸಿಕ್ ಕೋರ್ಸುಗಳು ಮುಗಿದಿದ್ದರೆ ಪಿಎಚ್‌ಡಿ ವಿದ್ಯಾರ್ಥಿಗಳ ಕ್ಲಾಸಿನಲ್ಲೇ ಕೂರಬಹುದು, ದೊಡ್ಡ ಸ್ಟೇಟ್ ಯೂನಿವರ್ಸಿಟಿಯ ಲಾಭ ಅದು.

2025ರಿಂದ ಫೆಡರಲ್ ಸಂಶೋಧನಾ ದುಡ್ಡಿಗೆ ಕತ್ತರಿ ಬಿದ್ದು, ಎಷ್ಟೋ ಕಡೆ ಪಿಎಚ್‌ಡಿ ಸೀಟುಗಳನ್ನೇ ಕಡಿಮೆ ಮಾಡಿದರು. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ನಾಲ್ಕು ವರ್ಷದ ಮೇಲೆ ಒಂದು ವರ್ಷ ಕಾಯಬೇಕಾದರೂ, ದಾರಿ ಬದಲಿಸಬೇಕಾದರೂ, ಸಾಲ ಇಲ್ಲದವಳಿಗೆ ಅದು ಸಾಧ್ಯ.

ಈಗ ಮಗಳ ಮುಖದ ವಿಷಯ. ಅವಳ ದುಃಖ ನಿಜ, ಅದನ್ನು ಮಾತಿನಿಂದ ಅಳಿಸಲು ಹೋಗಬೇಡಿ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಎಲ್ಲರೂ ನಿಮ್ಮ ಮಗಳು ಎಲ್ಲಿ ಸೇರಿದಳು ಅಂತ ಕೇಳುತ್ತಾರೆ. ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಆಗ ನೀವು ಸ್ಟೇಟ್ ಯೂನಿವರ್ಸಿಟಿ ಹೆಸರು ಹೇಳಿ, ಕೂಡಲೇ ಅಲ್ಲೂ ಸಿಕ್ಕಿತ್ತು ಆದರೆ ದುಡ್ಡು ಜಾಸ್ತಿ ಅಂತ ಸೇರಿಸಿದರೆ, ಅವಳು ಎರಡನೇ ದರ್ಜೆಗೆ ಹೋಗುತ್ತಿದ್ದಾಳೆ ಅಂತ ಎಲ್ಲರ ಮುಂದೆ ನೀವೇ ಹೇಳಿದ ಹಾಗೆ. ಹೆಸರು ಹೇಳಿ, ಸ್ಕಾಲರ್‌ಶಿಪ್ ಸಿಕ್ಕಿದೆ ಅನ್ನಿ, ಅಲ್ಲಿಗೆ ನಿಲ್ಲಿಸಿ. ಮನೆಯಲ್ಲಿ ಮೇಲಿನ ಲೆಕ್ಕವನ್ನು ಅವಳ ಕೈಯಲ್ಲೇ ಹಾಕಿಸಿ. ಉಳಿಯುವ ದುಡ್ಡಿನಲ್ಲಿ ಒಂದು ಪಾಲು ಅವಳ ಹೆಸರಿಗೆ ಇಡುತ್ತೇವೆ, ಮೆಡಿಕಲ್ ಸ್ಕೂಲಿಗೋ, ಸ್ಟೈಪೆಂಡ್ ಸಾಕಾಗದ ಊರಿನ ಬಾಡಿಗೆಗೋ, ಯಾವುದಕ್ಕೆ ಅಂತ ಅವಳೇ ತೀರ್ಮಾನ ಮಾಡಲಿ ಅಂತ ಮಾತು ಕೊಡಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ.

ಮೇ 1ಕ್ಕೆ ಮುಂಚೆ ಒಂದು ಕೆಲಸ ಮಾಡಿ. ಸ್ಟೇಟ್ ಯೂನಿವರ್ಸಿಟಿಗೆ ಅವಳನ್ನು ಕರೆದುಕೊಂಡು ಹೋಗಿ, ಆದರೆ ಗೈಡ್ ಜೊತೆ ಜಿಮ್ ಮತ್ತು ಡಾರ್ಮ್ ನೋಡಿ ಬರಬೇಡಿ. ಸಂಜೆ ನಾಲ್ಕು ಗಂಟೆ ಹೊತ್ತಿಗೆ ಕೆಮಿಸ್ಟ್ರಿ ಅಥವಾ ಬಯಾಲಜಿ ಕಟ್ಟಡದ ಒಳಗೆ ಹೋಗಿ. ಕಾರಿಡಾರಿನ ಗೋಡೆ ಮೇಲೆ ದೊಡ್ಡ ದೊಡ್ಡ ಪೋಸ್ಟರ್ ಅಂಟಿಸಿರುತ್ತಾರೆ, ಮೊದಲ ಹೆಸರು ಯಾರದು ನೋಡಿ, ಅದರಲ್ಲಿ ಬಿಎಸ್ ಓದುವ ಮಕ್ಕಳು ಎಷ್ಟು ಜನ ಅಂತ ಕೇಳಿ. ತೆರೆದ ಬಾಗಿಲಲ್ಲಿ ಪಿಪೆಟ್ ಹಿಡಿದು ನಿಂತಿರುವ ಹುಡುಗನೋ ಹುಡುಗಿಯೋ ಕಂಡರೆ ಅವಳೇ ಹೋಗಿ ಮಾತಾಡಲಿ, ನೀವು ದೂರ ನಿಲ್ಲಿ. ಯಾವ ವರ್ಷ, ಯಾವಾಗ ಲ್ಯಾಬಿಗೆ ಸೇರಿದೆ, ಹೇಗೆ ಸೇರಿದೆ, ಪ್ರೊಫೆಸರ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ. ಮೊದಲ ವರ್ಷವೇ ಸೇರಿದೆ, ದಿನಾ ಸಿಗುತ್ತಾರೆ ಅನ್ನೋ ಉತ್ತರ ಇಬ್ಬರಿಂದ ಬಂದರೆ ಅಂದೇ ರಾತ್ರಿ ಸೀಟು ಖಾತ್ರಿ ಮಾಡಿ. ಸಂಜೆ ನಾಲ್ಕಕ್ಕೆ ಬಾಗಿಲುಗಳೆಲ್ಲ ಮುಚ್ಚಿದ್ದರೆ, ಒಳಗೆ ಇರುವವರಲ್ಲಿ ಒಬ್ಬರೂ ಬಿಎಸ್ ಮಕ್ಕಳಿಲ್ಲ ಅಂದರೆ, ನನಗೆ ಮತ್ತೆ ಬರೆಯಿರಿ, ಬೇರೆ ಯಾವ ಕಡೆ ಸ್ಕಾಲರ್‌ಶಿಪ್ ಸಿಕ್ಕಿದೆ ಅನ್ನೋ ಪಟ್ಟಿಯನ್ನೂ ಕಳಿಸಿ. ಕೂತು ನೋಡೋಣ.